ಕೊನೆಯ ಪಾಠಕ್ಕೆ ಮಾವ ಬಂದಿದ್ದರು

ಒಂದು ಕಪ್ ಚಹಾ ಕುಡಿದು ಮುಗಿಸುವಷ್ಟು ಹೊತ್ತು ಇಲ್ಲೇ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದರೆ ತಪ್ಪೆಲ್ಲ ಸೊಸೆಯದು ಅನ್ನುತ್ತೀರಿ, ಇಲ್ಲವೇ ಮಾವನದು ಅನ್ನುತ್ತೀರಿ. ಆ ಊರಿನಲ್ಲಿ ಆಗಿರುವುದೂ ಅದೇ, ಕಟ್ಟೆಯ ಮೇಲೆ ಕೂತವರು ಎರಡು ಪಾರ್ಟಿ ಆಗಿದ್ದಾರೆ. ಊರಿನ ಹೆಸರು ಬೇಡ. ಹೂವಿನ ಹಿಪ್ಪರಗಿಯಲ್ಲಿ ಟಂಟಂ ಹತ್ತಿದರೆ ಹತ್ತು ನಿಮಿಷದ ದಾರಿ, ಅಷ್ಟು ಸಾಕು.

ಸುನಂದಾ ಆ ಊರಿನ ಮಾಸ್ತರರೊಬ್ಬರ ಸೊಸೆ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಬಿ.ಎಡ್. ಸೇರಿದಳು. ಕಾಲೇಜು ಬಸವನ ಬಾಗೇವಾಡಿಯಲ್ಲಿ. ಎರಡನೇ ವರ್ಷ ಹದಿನಾರು ವಾರ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡಬೇಕು, ಕೊನೆಗೆ ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಅದರಲ್ಲಿ ಬಿದ್ದರೆ ವರ್ಷವೇ ಬಿತ್ತು. ಅವಳಿಗೆ ಸಿಕ್ಕಿದ್ದು ಗಂಡನ ಊರಿನ ಹೈಸ್ಕೂಲೇ. ಮಾವ ಗುರಪ್ಪ ಮಾಸ್ತರರು ಇಪ್ಪತ್ತಾರು ವರ್ಷ ಗಣಿತ ಕಲಿಸಿ ನಿವೃತ್ತರಾದದ್ದು ಅದೇ ಶಾಲೆಯಲ್ಲಿ.

ಅವಳನ್ನು ಓದಲು ಕಳಿಸಿದ್ದೂ ಅವರೇ. ಮನೆಯಲ್ಲಿ ಮತ್ಯಾರಿಗೂ ಮನಸ್ಸಿರಲಿಲ್ಲ.

"ಸೊಸಿ ಬಾಗೇವಾಡಿಗೆ ಹೋದ್ರ ಮನ್ಯಾಗ ರೊಟ್ಟಿ ಯಾರು ಬಡೀಬೇಕ್ರಿ?" ಅಂತ ಅತ್ತೆ ಸುಮಿತ್ರಾಬಾಯಿ ಕೇಳಿದ್ದರು.

"ನಾ ಬಡೀತೇನಿ."

"ನೀವು?"

"ಯಾಕ, ನನ್ನ ಕೈಗೇನಾಗೇತಿ?"

ಮರುದಿನ ಬೆಳಿಗ್ಗೆ ಮಾಸ್ತರರು ನಿಜಕ್ಕೂ ಪಂಚೆ ಎತ್ತಿ ಕಟ್ಟಿ ಹಿಟ್ಟಿನ ಮುಂದೆ ಕೂತರು. ರೊಟ್ಟಿ ಹಂಚಿಗೆ ಬೀಳುವ ಮೊದಲೇ ಮೂರು ತುಂಡಾಯಿತು. ಸುನಂದಾಳ ಗಂಡ ಶ್ರೀಶೈಲ ಬಾಗಿಲಲ್ಲಿ ನಿಂತು ನಕ್ಕ. "ಅಪ್ಪಾ, ಇದು ಯಾವ ಜಿಲ್ಲಾದ ನಕಾಶಿ?" ಸುಮಿತ್ರಾಬಾಯಿಯವರೂ ನಕ್ಕುಬಿಟ್ಟರು. ಆ ನಗುವಿನಲ್ಲೇ ಒಪ್ಪಿಗೆ ಸಿಕ್ಕಿತು, ಆದರೆ ಕರಾರಿನ ಮೇಲೆ. ಬೆಳಿಗ್ಗೆ ಎಂಟರೊಳಗೆ ಮೂವತ್ತು ರೊಟ್ಟಿ, ಪಲ್ಯ, ಎಮ್ಮೆಯ ಕಸ ಎಲ್ಲ ಮುಗಿಯಬೇಕು. ಇನ್ನೊಂದು ಕರಾರು ಶ್ರೀಶೈಲನದು. ಅವನಿಗೆ ಸಿಂದಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ. ಅವನ ಮಾತು ಯಾವಾಗಲೂ ಕಡಿಮೆ, ಲೆಕ್ಕಕ್ಕೆ ಬರುವಷ್ಟೇ.

"ಒಂದು ಸಲ ನಪಾಸಾದಿ ಅಂದ್ರ ಅಲ್ಲಿಗೆ ಮುಗೀತು, ಸುನಂದಾ. ಎರಡ್ನೇ ಸಲ ಪರೀಕ್ಷಾ ಗಿರೀಕ್ಷಾ ಇಲ್ಲ."

"ಹೂಂನ್ರಿ," ಅಂದಳು ಸುನಂದಾ.

ಜುಲೈನಲ್ಲಿ ಶಾಲೆಗೆ ಹೋದ ಮೊದಲ ವಾರ ಅವಳಿಗೆ ತಾನು ದೊಡ್ಡ ಟೀಚರ್ ಎಂದೇ ಅನ್ನಿಸಿತ್ತು. ಎಂಟನೇ ತರಗತಿ, ಮೂವತ್ತನಾಲ್ಕು ಮಕ್ಕಳು. ಬೋರ್ಡಿನ ಮೇಲೆ ಸೂತ್ರ ಬರೆದಳು, ಎರಡು ಲೆಕ್ಕ ಮಾಡಿ ತೋರಿಸಿದಳು. "ತಿಳೀತಾ?" ಅಂದಳು. "ತಿಳೀತ್ರೀ ಟೀಚರ್!" ಅಂತ ಇಡೀ ಕೋಣೆ ಹಾಡಿತು. ಹಿಂದೆ ಕೂತಿದ್ದ ಗಣಿತದ ಟೀಚರ್ ಪೀರಬಿ ಎದ್ದು ಬಂದು ಲೆಕ್ಕದ ಒಂದೇ ಒಂದು ಸಂಖ್ಯೆ ಬದಲಿಸಿದರು. "ಈಗ ಮಾಡ್ರಿ." ಹನ್ನೊಂದು ಮಕ್ಕಳ ಕೈ ಓಡಿತು. ಉಳಿದವರು ನೋಟ್‌ಬುಕ್ಕಿನ ಮೇಲೆ ಪೆನ್ನಿಟ್ಟು ಒಬ್ಬರ ಮುಖ ಒಬ್ಬರು ನೋಡಿದರು.

"ಆ ಹನ್ನೊಂದು ಮಂದಿ ಯಾರು ಗೊತ್ತೈತೇನು?" ಸ್ಟಾಫ್ ರೂಮಿನಲ್ಲಿ ಪೀರಬಿ ಕೇಳಿದರು.

"ನಮ್ಮ ಮನಿಗೆ ಟ್ಯೂಷನ್‌ಗೆ ಬರೋ ಹುಡುಗ್ರು ರೀ ಮೇಡಂ."

"ಹೌದು. ನಿನ್ನ ಪಾಠಾ ಅವ್ರಿಗೂ ತಿಳಿದಿಲ್ಲ. ಅವ್ರು ನಿಮ್ಮ ಮನ್ಯಾಗಿಂದ ತಂದಿದ್ದು ಬರದಾರ. ನೀ ತಿಳೀತಾ ಅಂತ ಕೇಳೂದು ಬಿಡು. ಪ್ರಶ್ನಿ ಕೇಳು, ಕೇಳಿ ಬಾಯಿ ಮುಚ್ಕೊಂಡು ಇಪ್ಪತ್ತು ಎಣಸು. ನಿನಗ ಸುಮ್ಮ ನಿಂದ್ರಾಕ ಬರಂಗಿಲ್ಲ, ಅದ ನಿಂದು ರೋಗ."

ಮಾಸ್ತರರ ಮನೆಯ ಪಡಸಾಲೆಯ ಟ್ಯೂಷನ್ ಊರಿಗೇ ಗೊತ್ತು. ಗೋಡೆಗೆ ಕಪ್ಪು ಬಣ್ಣ ಬಳಿದು ಬೋರ್ಡು ಮಾಡಿದ್ದರು. ದಿನಾ ಸಂಜೆ ಐದಕ್ಕೆ ಮಕ್ಕಳು ಸಾಲಾಗಿ ಕೂತು ಸೂತ್ರಗಳನ್ನು ರಾಗವಾಗಿ ಹೇಳಬೇಕು. ಮಾಸ್ತರರು ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಅವರ ಕೈಯಲ್ಲಿ ಕಲಿತವರು ಪೊಲೀಸರಾಗಿದ್ದಾರೆ, ಬ್ಯಾಂಕಿನಲ್ಲಿದ್ದಾರೆ. ಈಗಿನ ಹೆಡ್‌ಮಾಸ್ತರರೂ ಅವರ ಶಿಷ್ಯರೇ.

ಸುನಂದಾ ಪೀರಬಿ ಹೇಳಿದಂತೆ ಸುಮ್ಮನೆ ನಿಲ್ಲುವುದನ್ನು ಕಲಿತಳು. ಮೊದಮೊದಲು ಇಪ್ಪತ್ತು ಎಣಿಸುವಷ್ಟರಲ್ಲಿ ಬೆವರು ಬರುತ್ತಿತ್ತು. ನಾಲ್ಕನೇ ವಾರ ರಾಜಶ್ರೀ ಎಂಬ ಹುಡುಗಿ ಬಾಯಿಬಿಟ್ಟಳು. ಅವಳ ಅಪ್ಪ ಕುರಿ ಕಾಯುವವ. ಸಂಜೆ ಮರಿಗಳನ್ನು ನೋಡಿಕೊಳ್ಳುವ ಕೆಲಸ ಅವಳದಾದ್ದರಿಂದ ಅವಳು ಟ್ಯೂಷನ್ನಿಗೆ ಬಂದವಳಲ್ಲ. ಅವಳು ಹೇಳಿದ ಉತ್ತರ ತಪ್ಪಾಗಿತ್ತು. "ಯಾಕ ಹಂಗ ಅನಿಸ್ತು ಹೇಳು," ಅಂದಳು ಸುನಂದಾ. ರಾಜಶ್ರೀ ಹೇಳುತ್ತಾ ಹೋದಳು, ಹೇಳುತ್ತಾ ಹೇಳುತ್ತಾ ತನ್ನ ತಪ್ಪನ್ನು ತಾನೇ ಹಿಡಿದಳು. ಅವತ್ತಿನಿಂದ ತರಗತಿಯಲ್ಲಿ ಗದ್ದಲ ಶುರುವಾಯಿತು. ಕಾಗದ, ಕತ್ತರಿ, ದಾರ, ಜಗಳ. ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ.

ಆದರೆ ಮನೆಯಲ್ಲಿ ಬೇರೆಯೇ ಆಯಿತು. ಬೇರೆ ತರಗತಿಯವರೂ ಸೇರಿ ಪಡಸಾಲೆಯಲ್ಲಿ ಇಪ್ಪತ್ತೆಂಟು ಮಕ್ಕಳಿದ್ದರು. ಅವಳು ಸಂಜೆ ನಾಲ್ಕೂವರೆಗೆ ಶಾಲೆಯಲ್ಲೇ ಸಂಶಯ ಕೇಳುವವರನ್ನು ಕೂರಿಸಿಕೊಳ್ಳತೊಡಗಿದ ಮೇಲೆ ಇಪ್ಪತ್ತಾಯಿತು, ಸೆಪ್ಟೆಂಬರಿಗೆ ಹದಿನಾಲ್ಕಾಯಿತು.

ಒಂದು ಸಂಜೆ ಊಟಕ್ಕೆ ಕೂತಾಗ ಸುಮಿತ್ರಾಬಾಯಿ ರೊಟ್ಟಿಯ ಮೇಲೆ ಬದನೆಕಾಯಿ ಪಲ್ಯ ಹಾಕುತ್ತಾ ಅಂದರು, "ಇವತ್ತ ಪಡಸಾಲಿ ಕಸಾ ಹೊಡಿಯೂದ ಬಾಳ ಸಲೀಸಾತು. ಮಂದೀನ ಇಲ್ಲ."

ಸುಮಿತ್ರಾಬಾಯಿ ಸೊಸೆಯ ಕಡೆ ತಿರುಗಿದರು.

"ಏನ್ವಾ ಸುನಂದಾ, ಮಾವನ ಅಂಗಡಿ ಬಂದ್ ಮಾಡಾಕ ನಿಂತೀಯೇನು?"

"ಅತ್ತೀ, ಹಂಗ್ಯಾಕ ಅಂತೀರಿ? ನಾ ಯಾರಿಗೂ ಹೋಗಬ್ಯಾಡ್ರಿ ಅಂದಿಲ್ಲ."

"ಬರ್ರಿ ಅಂತನೂ ಅಂದಿಲ್ಲ."

"ಸಾಕು ಮಾಡು," ಅಂದರು ಮಾಸ್ತರರು. "ಆಕಿ ಕಲಿಸಾಕ ಹೋಗ್ಯಾಳ, ಕಲಿಸ್ಲಿ. ಮೊಸರು ಹಾಕು."

ಕೊನೆಯ ಪಾಠ ಅಕ್ಟೋಬರ್ ಮೂರನೇ ವಾರದ ಮಂಗಳವಾರ ಅಂತ ಗೊತ್ತಾಯಿತು. ಸುನಂದಾ ಆರಿಸಿಕೊಂಡದ್ದು ತ್ರಾಪಿಜ್ಯದ ವಿಸ್ತೀರ್ಣ. ಎದುರುಬದುರಿನ ಎರಡು ಬದಿ ಸಮಾಂತರ, ಆದರೆ ಒಂದು ಉದ್ದ, ಒಂದು ಗಿಡ್ಡ, ಹೊಲದ ತುಂಡಿನ ಹಾಗೆ ಇರುತ್ತದಲ್ಲ, ಅದು. ಸೂತ್ರ ಹೇಳುವುದೇ ಇಲ್ಲ, ಗುಂಪಿಗೊಂದು ಕಾಗದದ ತುಂಡು ಕೊಟ್ಟು ಮಕ್ಕಳಿಂದಲೇ ಹುಡುಕಿಸುವುದು ಅವಳ ಯೋಜನೆ. ಪೀರಬಿ ಪಾಠ ಯೋಜನೆಯ ಪುಸ್ತಕ ನೋಡಿ ಸಹಿ ಮಾಡಿದರು.

"ಛಲೋ ಐತಿ. ಆದ್ರ ಒಂದು ಲಕ್ಷ್ಯ ಇರ್ಲಿ. ಹೊಸಾ ಪಾಠ ಅಂತ ಬರದೀದಿ. ಮೊದ್ಲ ಕಲಿಸಿದ್ದು ಅಂತ ಪರೀಕ್ಷಕರಿಗೆ ಗೊತ್ತಾತಂದ್ರ ಪಾಠಾನ ರದ್ದ ಮಾಡ್ತಾರ."

ಶನಿವಾರ ಮಾಸ್ತರರು ಅದೇ ಪುಸ್ತಕವನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಸುನಂದಾ ಒಲೆಯ ಮುಂದೆ ಇದ್ದಳು.

"ಇದರಾಗ ಸೂತ್ರ ಎಲ್ಲೈತಿ?"

"ಮಕ್ಕಳ ಹುಡುಕ್ತಾರ್ರಿ ಮಾವಾರ."

"ಸಿಗದಿದ್ರ?"

"ಸಿಗ್ತೈತ್ರಿ."

"ಪರೀಕ್ಷಕನ ಮುಂದ ಮಕ್ಕಳು ಬೆ ಬೆ ಬೆ ಅಂತ ನಿಂತ್ರ ಏನು ಮಾಡ್ತಿ? ನಮ್ಮ ಕಾಲದಾಗ ಇನ್‌ಸ್ಪೆಕ್ಟರ್ ಬರ್ತಾರ ಅಂದ್ರ ಆ ಪಾಠ ಮೂರು ಸಲ ಆಗಿರ್ತಿತ್ತು. ಬಂದವರಿಗೆ ಅದ ಮರ್ಯಾದಿ. ಮನಿಗೆ ಬೀಗರು ಬಂದಾಗ ನಾವು ಅಡಗಿ ಕಲಿಯಾಕ ಕುಂದರ್ತೇವೇನು?"

"ಮಾವಾರ, ಮಕ್ಕಳಿಗೆ ಮೊದ್ಲ ಗೊತ್ತಾದ್ರ ಪಾಠಾನ ಇಲ್ಲ. ನಿಮ್ಮ ಕೈ ಮುಗೀತೇನಿ, ಇದನ್ನ ಪಡಸಾಲ್ಯಾಗ ಎತ್ತಬ್ಯಾಡ್ರಿ."

ಮಾಸ್ತರರು ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು. "ಹೂಂ," ಅಂದರು. ಆ ಹೂಂ ಯಾವ ಹೂಂ ಅಂತ ಅವಳು ಕೇಳಲಿಲ್ಲ.

ಭಾನುವಾರ ಮುದ್ದೇಬಿಹಾಳದಲ್ಲಿ ತಂಗಿಯ ಮಗುವಿನ ತೊಟ್ಟಿಲ ಕಾರ್ಯ. ಸುನಂದಾ ಬೆಳಿಗ್ಗೆ ಗಂಡನ ಜೊತೆ ಹೋಗಿ ಸೋಮವಾರ ನೇರವಾಗಿ ಶಾಲೆಗೇ ಬಂದಳು. ಸಂಜೆ ಮನೆಯಲ್ಲಿ ಜೋಳ ಹಸನು ಮಾಡುತ್ತಾ ಸುಮಿತ್ರಾಬಾಯಿ ಅಂದರು, "ನೀ ಇರದಿದ್ರ ನಿಮ್ಮ ಮಾವಗ ಹುರುಪು ನೋಡು. ನಿನ್ನೆ ಪಡಸಾಲಿ ತುಂಬ ಹುಡುಗ್ರು. ಮಧ್ಯಾಹ್ನಕ್ಕ ಕರದು ಕುಂದ್ರಿಸಿದ್ರು, ಚುರಮುರಿ ಬ್ಯಾರೆ ಹಂಚಿದ್ರು."

"ಛಲೋ ಆತಲ್ರಿ," ಅಂದಳು ಸುನಂದಾ. ಅವಳ ತಲೆಯೆಲ್ಲ ನಾಳೆಯ ಕಾಗದದ ತುಂಡುಗಳಲ್ಲಿತ್ತು.

ಮಂಗಳವಾರ ಹನ್ನೊಂದಕ್ಕೆ ಪರೀಕ್ಷಕರು ಬಂದರು. ಹೆಸರು ಸುನೀಲಕುಮಾರ. ಸಣ್ಣ ಮೈಕಟ್ಟು, ಮುಖದ ಮೇಲೆ ನಗುವೂ ಇಲ್ಲ, ಸಿಟ್ಟೂ ಇಲ್ಲ. ಅವರ ಹಿಂದೆ ಹೆಡ್‌ಮಾಸ್ತರರು, ಅವರ ಹಿಂದೆ ಇಸ್ತ್ರಿ ಮಾಡಿದ ಪಂಚೆ, ಬಿಳಿ ಟೋಪಿಯಲ್ಲಿ ಗುರಪ್ಪ ಮಾಸ್ತರರು. "ನಮ್ಮ ಗುರುಗಳು ರೀ ಸರ್, ಹಿಂದ ಕುಂತು ನೋಡ್ತಾರಂತ," ಅಂದರು ಹೆಡ್‌ಮಾಸ್ತರರು. ಪರೀಕ್ಷಕರು ನಮಸ್ಕಾರ ಮಾಡಿ ಜಾಗ ಬಿಟ್ಟರು. ಪರೀಕ್ಷಕರೂ ಮಾಸ್ತರರೂ ಕೊನೆಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತರು. ಹೆಡ್‌ಮಾಸ್ತರರು ಬಾಗಿಲಲ್ಲಿ, ಪೀರಬಿ ಕಿಟಕಿಯ ಹತ್ತಿರ ನಿಂತರು.

ಸುನಂದಾ ಗುಂಪಿಗೊಂದರಂತೆ ಒಂದೇ ಅಳತೆಯ ತುಂಡು ಹಂಚಿ, ತಾನೂ ಒಂದನ್ನು ಎತ್ತಿ ಹಿಡಿದಳು. "ಇದು ನಮ್ಮ ಖಂಡೆಪ್ಪನ ಹೊಲ ಅಂತ ತಿಳ್ಕೋರಿ. ಈ ಕಡಿ ಉದ್ದ ಐತಿ, ಆ ಕಡಿ ಗಿಡ್ಡ ಐತಿ. ಇದರ..."

"ಸಮಾಂತರ ಬಾಹುಗಳ ಮೊತ್ತ, ಗುಣಿಸು ಎತ್ತರ, ಅದರ ಅರ್ಧಾ!"

ಹನ್ನೆರಡು ಹದಿಮೂರು ಬಾಯಿ, ಒಂದೇ ರಾಗ, ಎಲ್ಲರಿಗಿಂತ ಜೋರು ಟ್ಯೂಷನ್ನಿನ ಖಂಡೆಪ್ಪನದು. ಕೊನೆಯ ಅಕ್ಷರ ಎಳೆಯುವ ಆ ರಾಗ ಅವಳು ಐದು ವರ್ಷದಿಂದ ದಿನಾ ಸಂಜೆ ಅಡುಗೆಮನೆಯಲ್ಲಿ ಕೇಳಿದ ರಾಗ. ಹಿಂದಿನ ಬೆಂಚಿನಲ್ಲಿ ಮಾವ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದರು, ಮುಖದ ತುಂಬ ನಗು. ಎದುರಿನ ಬೆಂಚಿನ ರಾಜಶ್ರೀ ಕೈಗೆತ್ತಿಕೊಂಡಿದ್ದ ಕತ್ತರಿಯನ್ನು ಕೆಳಗಿಟ್ಟಳು.

ಪರೀಕ್ಷಕರು ಬರೆಯುವುದನ್ನು ನಿಲ್ಲಿಸಿದರು. "ಅರೇ, ಇನ್ನಾ ಪ್ರಶ್ನಿನ ಮುಗಿದಿಲ್ಲ. ಟೀಚರ್, ಹೊಸಾ ಪಾಠ ಅಂತ ಬರದೀರಿ. ಮೊದ್ಲ ಆಗೇತೇನಿದು?"

"ನಮ್ಮ ಹುಡುಗ್ರು ಭಾಳ ಶಾಣ್ಯಾ ಅದಾರ್ರಿ ಸರ್," ಹೆಡ್‌ಮಾಸ್ತರರು ನಡುವೆ ಬಾಯಿ ಹಾಕಿದರು.

"ನಾ ಟೀಚರಿಗೆ ಕೇಳಾಕತ್ತೇನ್ರಿ."

ಮಾವ ಅವಳ ಕಡೆ ನೋಡಿ ಮೆಲ್ಲಗೆ ತಲೆ ಆಡಿಸಿದರು. ಇಲ್ಲ ಅನ್ನು, ಅಂತ. ಅವಳು ಮೂವತ್ತನಾಲ್ಕು ಮಕ್ಕಳನ್ನು ನೋಡಿದಳು. ಅವರಲ್ಲಿ ಹದಿಮೂರು ಮಂದಿಗೆ ನಿಜ ಏನೆಂದು ಗೊತ್ತಿತ್ತು.

"ಆಗೇತ್ರಿ ಸರ್. ನಾ ಮಾಡಿಲ್ಲ. ರವಿವಾರ ನಮ್ಮ ಮನ್ಯಾಗ ಆಗೇತಿ. ನಮ್ಮ ಮಾವನವರು ಮಾಡ್ಯಾರ."

ಪರೀಕ್ಷಕರು ಪಕ್ಕಕ್ಕೆ ತಿರುಗಿ ಮಾಸ್ತರರನ್ನು ನೋಡಿದರು, ಪೆನ್ನಿಗೆ ಟೊಪ್ಪಿಗೆ ಹಾಕಿದರು. "ಹಂಗಿದ್ರ ಇದು ನಡಿಯಂಗಿಲ್ಲಲ್ಲ ಟೀಚರ್."

"ಸರ್, ಸೂತ್ರ ಬಂದೈತಿ. ಪಾಠ ಇನ್ನಾ ಆಗಿಲ್ಲ. ಮೂವತ್ತು ನಿಮಿಷ ಅದಾವ, ಅವಷ್ಟು ಕೊಡ್ರಿ."

ಅವರು ಗಡಿಯಾರ ನೋಡಿಕೊಂಡರು. "ಮಾಡ್ರಿ, ನೋಡೂಣು."

ಸುನಂದಾ ಆ ಸೂತ್ರವನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು. ಅರ್ಧ ಎಂಬಲ್ಲಿ ಸುತ್ತು ಹಾಕಿದಳು. "ಖಂಡೆಪ್ಪ, ಬಾಳ ಛಲೋ ಹೇಳಿದಿ. ಈ ಅರ್ಧ ಎಲ್ಲಿಂದ ಬಂತು?"

ಖಂಡೆಪ್ಪ ಎದ್ದು ನಿಂತ. ಬೋರ್ಡು ನೋಡಿದ, ಆಮೇಲೆ ತಿರುಗಿ ಕೊನೆಯ ಬೆಂಚು ನೋಡಿದ. ಸುನಂದಾ ಸುಮ್ಮನೆ ನಿಂತಳು.

"ಅದನ್ನ ಸರ್ ಹೇಳಿಲ್ರಿ ಟೀಚರ್."

ಯಾರೂ ನಗಲಿಲ್ಲ. ಗುರಪ್ಪ ಮಾಸ್ತರರು ಎದ್ದರು, ಬೆಂಚಿನ ಕೆಳಗೆ ಕಾಲಿನಿಂದ ಚಪ್ಪಲಿ ಹುಡುಕಿದರು, ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಹೆಡ್‌ಮಾಸ್ತರರು ಅವರ ಹಿಂದೆ ಓಡಿದರು.

ಸುನಂದಾ ಬೋರ್ಡಿನ ಮೇಲಿನ ಸುತ್ತನ್ನು ಸೀಮೆಸುಣ್ಣದಿಂದ ಇನ್ನೊಮ್ಮೆ ತಿದ್ದಿದಳು. "ಯಾರು ಹುಡುಕ್ತೀರಿ?"

ರಾಜಶ್ರೀ ಪಕ್ಕದ ಗುಂಪಿನ ತುಂಡನ್ನು ಕೇಳದೆಯೇ ಎಳೆದುಕೊಂಡಳು. "ಏಯ್ ನಮ್ದು ಕೊಡವಾ!" "ತಡಿಯೋ, ತಿಂತೇನೇನು?" ತಲೆಕೆಳಗು ಮಾಡಿ ತನ್ನ ತುಂಡಿಗೆ ಜೋಡಿಸಿದಳು. ಎರಡೂ ಸೇರಿ ಹೋದ ವಾರ ಮಾಡಿದ ಸಮಾಂತರ ಚತುರ್ಭುಜ ಆಯಿತು. "ಟೀಚರ್, ಇಲ್ಲಿ ಎರಡ ಹೊಲ ಅದಾವ್ರಿ. ಉದ್ದಂದು, ಗಿಡ್ಡಂದು ಕೂಡಿ ಒಂದ ಗೆರಿ ಆತು. ನಮಗ ಬೇಕಾಗಿದ್ದು ಒಂದ ಹೊಲ. ಅದಕ್ಕ ಅರ್ಧ ರೀ!"

ಆಮೇಲೆ ಗದ್ದಲ ಶುರುವಾಯಿತು. ಖಂಡೆಪ್ಪನೂ ಅದರಲ್ಲಿ ಸೇರಿದ. ಪರೀಕ್ಷಕರು ಎದ್ದು ಬಂದು ಮಕ್ಕಳ ನಡುವೆ ಬಗ್ಗಿ ನೋಡಿದರು, ಏನೋ ಬರೆದುಕೊಂಡು ಹೊರಟುಹೋದರು.

"ನಾ ನೋಡಿದ್ರಾಗ ನಿನ್ನ ಛಲೋ ಪಾಠ ಇದು," ಅಂದರು ಪೀರಬಿ. "ಈಗ ಮನಿಗೆ ಹ್ಯಾಂಗ ಹೋಗ್ತಿ?"

ಮನೆಗೆ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಸುಮಿತ್ರಾಬಾಯಿ ಹೊಸ್ತಿಲಲ್ಲೇ ನಿಂತಿದ್ದರು.

"ಬಾರವಾ, ಬಾ. ಊರ ಮುಂದ ಮಾವನ ಟೊಪ್ಪಿಗಿ ತಗದು ಬಂದಿ. ನಿನ್ನ ಸಲುವಾಗಿ ಅವ್ರು ರೊಟ್ಟಿ ಬಡ್ಯಾಕ ಕುಂತಿದ್ರು, ಮರ್ತಿ ಏನು?"

"ಅತ್ತೀ, ಬ್ಯಾಡ್ರಿ ಅಂತ ಹೇಳಿದ್ದೆ. ಕೈ ಮುಗದು ಹೇಳಿದ್ದೆ."

"ನಿನ್ನ ಮಾನ ಉಳಸಾಕ ಮಾಡ್ಯಾರ!"

"ನನ್ನ ಮಾನಾ ಉಳಸಾಕೋ, ತಮ್ಮ ಮಾನಾ ಉಳಸಾಕೋ," ಅಂದುಬಿಟ್ಟಳು ಸುನಂದಾ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಒಳಗೆ ಮಂಚದ ಮೇಲೆ ಮಾಸ್ತರರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಕೇಳಿಸಿಕೊಂಡಿದ್ದರು.

ಸಿಂದಗಿಯಿಂದ ಬಂದ ಶ್ರೀಶೈಲ ಬೂಟು ಕಳಚುತ್ತಲೇ ಕೇಳಿದ. "ಮಕ್ಕಳು ಶಾಣ್ಯಾ ಅದಾರ್ರಿ ಸರ್ ಅಂದಿದ್ರ ನಿಂದು ಏನು ಹೋಗ್ತಿತ್ತು? ಮಾರ್ಕ್ಸೂ ಬರ್ತಿದ್ದು, ಅಪ್ಪನೂ ಖುಷಿ ಇರ್ತಿದ್ದ."

"ಆ ಹದಿಮೂರು ಮಕ್ಕಳು ನನ್ನ ಮಾರಿ ನೋಡಾಕತ್ತಿದ್ರು ರೀ. ನಾಳೆ ಅವ್ರ ಮುಂದ ಹ್ಯಾಂಗ ನಿಂದ್ರಲಿ?"

"ನಾಳೆ ನಪಾಸಾದ್ರ ನಿಂದ್ರೂದ ಇಲ್ಲಲ್ಲ."

ಅವತ್ತು ಸಂಜೆ ಐದಕ್ಕೆ ಮಕ್ಕಳು ಬಂದರು. ಮಾಸ್ತರರು ಎದ್ದು ಹೋಗಿ ಪಡಸಾಲೆಯ ಬಾಗಿಲು ಹಾಕಿದರು. "ಇನ್ನ ಬರಬ್ಯಾಡ್ರಿ. ಟೀಚರ್ ಕಲಿಸ್ತಾರ." ಮರುದಿನವೂ ಅದೇ. ಮೂರನೇ ದಿನ ಖಂಡೆಪ್ಪನೊಬ್ಬನೇ ಬಂದು, ಗೇಟಿನಲ್ಲಿ ಸ್ವಲ್ಪ ಹೊತ್ತು ನಿಂತು ಹೋದ. ಮಾಸ್ತರರು ಸುನಂದಾ ಬಡಿಸಿದರೆ ತಾಟಿನ ಮುಂದೆ ಸುಮ್ಮನೆ ಕೂರುತ್ತಿದ್ದರು, ಸುಮಿತ್ರಾಬಾಯಿ ಬಂದು ಬಡಿಸಿದರೆ ಉಣ್ಣುತ್ತಿದ್ದರು. ಬೆಳಿಗ್ಗೆ ಅವಳು ಇಟ್ಟ ಚಹಾ ಕೆನೆಗಟ್ಟಿ ಹಾಗೇ ಉಳಿಯುತ್ತಿತ್ತು. ಹೀಗೆ ಐದು ವಾರ.

ದೀಪಾವಳಿ ಕಳೆದ ಮೇಲೆ ಕಾಲೇಜಿನಲ್ಲಿ ಕೊನೆಯ ಪಾಠದ ಅಂಕಪಟ್ಟಿ ಗೋಡೆಗೆ ಹಚ್ಚಿದರು. ಹೊಸ ಪಾಠವಲ್ಲ ಎಂದು ಅಂಕ ಕಡಿದು, ಉಳಿದದ್ದಕ್ಕೆ ಕೊಟ್ಟಿದ್ದರು. ಮೇಲಿನಿಂದ ಅಲ್ಲ, ಕೆಳಗಿನಿಂದ ನಾಲ್ಕನೆಯವಳು. ಆದರೂ ಪಾಸು. ಶ್ರೀಶೈಲ ಅರ್ಧ ಕೆ.ಜಿ. ಪೇಡೆ ತಂದ. ಸುಮಿತ್ರಾಬಾಯಿ ಒಂದು ತಿಂದು, "ಇನ್ನರ ಸುಮ್ಮ ಕುಂದರ್ತಾಳೇನು ಕೇಳು," ಅಂದರು, ಆದರೆ ಮೊದಲಿನ ಬಿರುಸು ಇರಲಿಲ್ಲ.

ಸುನಂದಾ ಪೇಡೆ ತೆಗೆದುಕೊಂಡು ಮಾವನ ಮಂಚದ ಹತ್ತಿರ ಹೋಗಿ ಕಾಲು ಮುಟ್ಟಿದಳು. ಮಾಸ್ತರರು ಕಾಲು ಹಿಂದೆ ಎಳೆದುಕೊಳ್ಳಲಿಲ್ಲ.

"ಪಾಸಾದಿ?"

"ಆಗೇನ್ರಿ."

"ಛಲೋ ಆತು." ಪೇಡೆ ತೆಗೆದುಕೊಂಡು ಅಂಗೈಯಲ್ಲೇ ಹಿಡಿದರು. "ಅರ್ಧ ಯಾಕ ಬಂತು ಅಂತ ನಾ ಇಪ್ಪತ್ತಾರು ವರ್ಷ ಒಂದು ಹುಡುಗಗೂ ಕೇಳಿಲ್ಲ, ಸುನಂದಾ. ಅದು ಖರೇನ. ಕುರಿಯವನ ಮಗಳು ಹೇಳಿದ್ಳಂತ?"

"ಹೌದ್ರಿ ಮಾವಾರ. ರಾಜಶ್ರೀ."

"ಹೂಂ. ತಪ್ಪು ನಂದ. ಮಾಡಬ್ಯಾಡ್ರಿ ಅಂದಿದ್ದನ್ನ ಮಾಡಿದೆ. ಆಗೇತಿ ಅಂತ ನೀ ಖರೆ ಹೇಳಿದ್ದಕ್ಕೂ ನನಗ ಸಿಟ್ಟಿಲ್ಲ. ಟೀಚರ್ ಆಗಾಕಿ ಖರೆ ಹೇಳಬೇಕು. ಆದ್ರ ಒಂದು ಮಾತು ಕೇಳ್ತೇನಿ. ಆ ಪರೀಕ್ಷಕ ಆಗೇತೇನು ಅಂತ ಅಷ್ಟ ಕೇಳಿದ್ದ. ಯಾರು ಮಾಡ್ಯಾರ ಅಂತ ಕೇಳಿದ್ದಿಲ್ಲ. ಹೊರಗ ಕಲ್ತು ಬಂದಾರ್ರಿ ಸರ್ ಅಂದಿದ್ರೂ ಖರೇನ ಆಗ್ತಿತ್ತು. ನನ್ನ ಹೆಸರು ಯಾಕ ಹೇಳಿದಿ?"

ಸುನಂದಾ ಬಾಯಿ ತೆರೆದಳು. ಹದಿನಾರು ವಾರ ಮಕ್ಕಳಿಗೆ ಯಾಕ ಯಾಕ ಅಂತ ಕೇಳಿದವಳಿಗೆ ಈ ಯಾಕ ಎಂಬುದಕ್ಕೆ ಉತ್ತರ ಬರಲಿಲ್ಲ. ಅವರು ಅವಸರ ಮಾಡಲಿಲ್ಲ, ಸುಮ್ಮನೆ ಕಾದರು. ಕೊನೆಗೆ ಅವರೇ ಎದ್ದು ಹಿತ್ತಲಿಗೆ ಹೋದರು.

ಪಡಸಾಲೆಯ ಬಾಗಿಲು ಇವತ್ತಿಗೂ ತೆರೆದಿಲ್ಲ. ಅವಳು ಬಡಿಸಿದರೆ ಈಗ ಉಣ್ಣುತ್ತಾರೆ, ಆದರೆ ಪಾಠದ ಸುದ್ದಿ ಎತ್ತುವುದಿಲ್ಲ. ಕಟ್ಟೆಯ ಮೇಲಿನ ಎರಡು ಪಾರ್ಟಿಗಳ ಜಗಳವೂ ಮುಗಿದಿಲ್ಲ. ಈಗ ನೀವು ಪೂರ್ತಿ ಕೇಳಿದಿರಿ, ನೀವೇ ಹೇಳಿ. ಕೈಯಲ್ಲಿ ಆ ಕಾಗದದ ತುಂಡು, ಎದುರಿಗೆ ಮೂವತ್ತನಾಲ್ಕು ಮಕ್ಕಳು, ಕೊನೆಯ ಬೆಂಚಿನಲ್ಲಿ ನಿಮ್ಮನ್ನು ಓದಿಸಿದ ಮಾವ ತಲೆ ಆಡಿಸುತ್ತಿದ್ದಾರೆ. ಅಲ್ಲಿ ನಿಂತವರು ನೀವಾಗಿದ್ದರೆ ಅವರ ಹೆಸರು ಹೇಳುತ್ತಿದ್ದಿರಾ?